ಬೆಕ್ಕಿನ ಮೀಸೆ ಕತ್ತರಿಸಿದ ಸಿದ್ದಯ್ಯ

ಮಲವಗೊಪ್ಪದ ಸಿದ್ದಯ್ಯನಿಗೆ ಎರಡೆಕರೆ ಗದ್ದೆಯಿತ್ತು. ಆದರೂ ಶಿವಮೊಗ್ಗದ ಅಕ್ಕಿ ಮಂಡಿಗಳಲ್ಲಿ ಅವನು ಬೆಕ್ಕಿನ ಸಿದ್ದಯ್ಯನೇ. ಇಲಿ ಕಾಟ ಹೆಚ್ಚಾದವರು ಅವನ ಮನೆಗೆ ಬಂದು ಮರಿ ಒಯ್ಯುತ್ತಿದ್ದರು. ಸಿದ್ದಯ್ಯ ದುಡ್ಡು ಮುಟ್ಟುತ್ತಿರಲಿಲ್ಲ, ಬೆಕ್ಕನ್ನು ಮಾರಬಾರದು ಎನ್ನುತ್ತಿದ್ದ. ಮರಿಯ ಜೊತೆಗೆ, ಬಂದವರಿಗೆ ಬೇಕಿರಲಿ ಬೇಡವಿರಲಿ, ಒಂದು ಉಪನ್ಯಾಸವನ್ನೂ ಕೊಡುತ್ತಿದ್ದ.

"ಮೂಗಿನ ಬುಡದಲ್ಲಿರೋದು ಬೆಕ್ಕಿಗೆ ನೆಟ್ಟಗೆ ಕಾಣಲ್ಲ ಮಾರಾಯ. ಇಲಿ ಬಾಯಿಗೆ ಸಿಕ್ಕಾಗ ಎಲ್ಲಿ ಕಚ್ಚಬೇಕು ಅಂತ ಹೇಳೋದೇ ಮೀಸೆ. ಮೂಟೆ ಸಂದೀಲಿ ಮೈ ಹಿಡಿಯುತ್ತೋ ಇಲ್ವೋ ಅಂತ ಅಳೆಯೋದೂ ಅದೇ. ಕತ್ತಲಲ್ಲಿ ಗಾಳಿ ಅಲ್ಲಾಡಿದ್ರೂ ಅದಕ್ಕೆ ತಿಳಿಯುತ್ತೆ."

ಇಷ್ಟು ಬಾಯಿಯಿದ್ದ ಮನುಷ್ಯ ಭದ್ರಾವತಿಯ ಓಲ್ಡ್ ಟೌನಿಗೆ ಹೋದರೆ ಮಾತ್ರ ಮೂಕ. ಒಬ್ಬಳೇ ಮಗಳು ವಿಮಲಮ್ಮನನ್ನು ಅಲ್ಲಿಗೆ ಕೊಟ್ಟಿದ್ದ. ಹೆಣ್ಣು ಕೊಟ್ಟವನು ಬೀಗರೆದುರು ಮಾತಾಡಬಾರದು ಎಂದು ಅವನಪ್ಪ ಕಲಿಸಿದ್ದ. ಬೀಗಿತ್ತಿ ಸಾವಿತ್ರಮ್ಮ ಸಾರಿಗೆ ಉಪ್ಪು ಸಾಲದು ಎಂದರೂ ಇವನು ಕೈ ಮುಗಿಯುತ್ತಿದ್ದ.

ಮೂವತ್ತಾರನೇ ಇಸವಿಯ ಚಳಿಗಾಲದಲ್ಲಿ ವಿಮಲಮ್ಮನ ವರ್ಷ ತುಂಬದ ಮಗನಿಗೆ ಉಬ್ಬಸ ಹಿಡಿಯಿತು. ಸುದ್ದಿ ತಿಳಿದು ಸಿದ್ದಯ್ಯ ಓಡಿದ. ಬೀಗರದು ಮಂಡಕ್ಕಿ ಹುರಿಯುವ ಮನೆ. ಭಟ್ಟಿಯಲ್ಲಿ ಉರಿಯುತ್ತಿದ್ದ ಹೊಟ್ಟಿನ ಹೊಗೆ ನೇರ ಮಗುವಿನ ತೊಟ್ಟಿಲಿಗೇ ನುಗ್ಗುತ್ತಿತ್ತು. ಅವನಿಗೂ ಕೆಮ್ಮು ಬಂತು.

ಸಾವಿತ್ರಮ್ಮ ಒಂದು ಬಿಳಿ ಕೂದಲನ್ನು ಎತ್ತಿ ತೋರಿಸಿದರು. "ಮಗು ಹಾಲಿನ ಬಟ್ಟಲಲ್ಲಿ ಸಿಕ್ತು. ಬೆಕ್ಕಿನ ಮೀಸೆ ಹೊಟ್ಟೆಗೆ ಹೋದ್ರೆ ಉಬ್ಬಸ ಬರುತ್ತೆ. ನೀವು ಕೊಟ್ಟ ಬೆಕ್ಕು. ಓಡಿಸೋಣ ಅಂದ್ರೆ ಭತ್ತ ಪೂರ್ತಿ ಇಲಿ ಪಾಲು. ಮೀಸೆ ಕತ್ತರಿಸಿ, ಇಲ್ಲಾ ಮಗಳನ್ನ ಕರ್ಕೊಂಡು ಹೋಗಿ."

ಉದುರುವುದು ಮೀಸೆಯ ಗುಣ, ಅದರಲ್ಲಿ ನಂಜಿಲ್ಲ, ಮಗುವನ್ನು ಹೊಗೆಯಿಂದ ಆಚೆ ಮಲಗಿಸಿ: ಇಷ್ಟೇ ಹೇಳಬೇಕಿತ್ತು. ಬಾಗಿಲ ಮರೆಯಲ್ಲಿ ನಿಂತ ವಿಮಲಮ್ಮ ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಮಾತು ನಾಲಿಗೆ ತುದಿಗೆ ಬಂತು. ಎದುರು ಮಾತಾಡಿ ಮಗಳ ಸಂಸಾರ ಕೆಡಿಸುವುದಕ್ಕಿಂತ ನಾಲ್ಕು ಕೂದಲು ಹೋದರೆ ಹೋಗಲಿ ಎಂದು ನುಂಗಿಕೊಂಡ. ಕತ್ತರಿ ಕೇಳಿದ. ಅವನು ಮೀಸೆ ಕತ್ತರಿಸುವಾಗ ಬೆಕ್ಕು ಪರಿಚಯದ ಮಡಿಲೆಂದು ಅಲುಗದೆ ಕೂತಿತ್ತು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ.

ಹದಿನೈದು ದಿನದ ಮೇಲೆ ಮತ್ತೆ ಕರೆ ಬಂತು. ಅವನು ಹೋದಾಗ ಬೆಕ್ಕು ಕಂಬಕ್ಕೆ ಮುಖ ತಾಗಿಸಿಕೊಂಡು ಓಡಾಡುತ್ತಿತ್ತು. ಕಾಲಡಿ ಸಿಕ್ಕ ಇಲಿಯನ್ನು ಎಲ್ಲಿ ಕಚ್ಚಬೇಕೆಂದು ತಿಳಿಯದೆ ಬಿಟ್ಟುಬಿಟ್ಟಿತು. ಮಗುವಿನ ಎದೆ ಇನ್ನೂ ಸುಯ್ಯೆನ್ನುತ್ತಿತ್ತು. ನಡುಮನೆಯಲ್ಲಿ ವಿಮಲಮ್ಮನ ಬಟ್ಟೆಯ ಗಂಟು ಸಿದ್ಧವಾಗಿತ್ತು.

"ನಿಮ್ಮ ಮನೆ ನಂಜು ಮೊದ್ಲೇ ಮಗು ಮೈಗಿಳಿದಿದೆ," ಎಂದರು ಸಾವಿತ್ರಮ್ಮ. "ಮಗು ಇಲ್ಲೇ ಇರಲಿ, ನಾವು ನೋಡ್ಕೋತೀವಿ. ಇವಳನ್ನ ಕರ್ಕೊಂಡು ಹೋಗಿ."

ಆಗ ಸಿದ್ದಯ್ಯನಿಗೆ ಬಾಯಿ ಬಂತು. "ತಾಯಿ, ಮೀಸೇಲಿ ಏನೂ ಇಲ್ಲ. ಅದು ಭಟ್ಟಿ ಹೊಗೆ..."

"ಬೆಕ್ಕಿನ ವಿಚಾರ ನಿಮಗಿಂತ ಬಲ್ಲೋರು ಯಾರಿದ್ದಾರೆ? ದೋಷ ಇಲ್ದಿದ್ರೆ ನಿಮ್ಮ ಕೈಯಾರೆ ಯಾಕೆ ಕತ್ತರಿಸಿದ್ರಿ?"

ಅಳಿಯ ನೆಲ ನೋಡುತ್ತಿದ್ದ. ಸಿದ್ದಯ್ಯ ಅವನ ಕಾಲು ಹಿಡಿದ, ಬೀಗಿತ್ತಿಯ ಕಾಲೂ ಹಿಡಿದ. ಪ್ರಯೋಜನವಾಗಲಿಲ್ಲ.

ಅಪ್ಪ ಮಗಳು ಶಿವಮೊಗ್ಗದ ರಸ್ತೆ ಹಿಡಿದು ನಡೆದರು. ಗಂಟು ಅವನ ತಲೆಯ ಮೇಲಿತ್ತು. ಒಂದು ಮೈಲಿ ಕಳೆದ ಮೇಲೆ ವಿಮಲಮ್ಮ ನಿಂತಳು. ಅವಳ ಕುಪ್ಪಸ ಎದೆಯ ಬಳಿ ಹಾಲಿನಿಂದ ಪೂರಾ ಒದ್ದೆಯಾಗಿತ್ತು.

"ಅವನು ಎದ್ದಿರ್ತಾನೆ ಅಪ್ಪ," ಎಂದಳು. "ಹಸಿದಿರ್ತಾನೆ."