ಸರೋಜಳ ಕನ್ನಡಕ

ವಿನುತಾ, ನಿನ್ನ ಅಮ್ಮ ಮೆಟ್ಟಿಲಿಂದ ಬಿದ್ದ ದಿನ ಕನ್ನಡಕ ಮರೆತಿರಲಿಲ್ಲ. ಕೇಳಿದ್ದಳು — ನಾನು ಕೊಡಲಿಲ್ಲ. ಐದು ವರ್ಷದಿಂದ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇನೆ.

ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಮೇಲೆ ನನಗೆ ಹಿಡಿದ ಹುಚ್ಚು ನಿನಗೆ ಗೊತ್ತು — ಸ್ಕ್ರ್ಯಾಚ್‌ಬೋರ್ಡ್. ಕಪ್ಪು ಶಾಯಿ ಬಳಿದ ಹಲಗೆ; ಬ್ಲೇಡಿನ ತುದಿಯಿಂದ ಕೆರೆದಲ್ಲೆಲ್ಲ ಅಡಿಯ ಬಿಳಿ ಕಾಣುತ್ತದೆ. ಆ ವಾರ ಯಲಹಂಕದ ಮನೆಯ ಊಟದ ಮೇಜಿನ ಮೇಲೆ ಹಿತ್ತಾಳೆ ಚೊಂಬು, ಎರಡು ಸೀಬೆಹಣ್ಣು, ಪಕ್ಕದಲ್ಲಿ ನಿನ್ನ ಅಮ್ಮನ ಕನ್ನಡಕ ಜೋಡಿಸಿಟ್ಟಿದ್ದೆ. ನೋಡಿದವರು ಕೈ ಚಾಚಿ ಎತ್ತಿಕೊಳ್ಳಬೇಕು, ಅಷ್ಟು ನಿಜವಾಗಿ ಬರಬೇಕು — ತಲೆಯಲ್ಲಿ ಅದೊಂದೇ. ಎರಡು ದಿನ ಸರೋಜ ಕಣ್ಣು ಕಿರಿದು ಮಾಡಿಕೊಂಡೇ ಅಡುಗೆ ಮಾಡಿದಳು. ಅನ್ನದಲ್ಲಿ ಕಲ್ಲು ಸಿಕ್ಕಿದ್ದಕ್ಕೆ ಗೊಣಗಿದವನೂ ನಾನೇ.

ಮೂರನೆಯ ದಿನ ಮಧ್ಯಾಹ್ನ ಮೋಡ ಕವಿಯಿತು. ತಾರಸಿಯ ಮೇಲೆ ಬಟ್ಟೆ ಒಣಗುತ್ತಿತ್ತು.

"ರೀ, ಕನ್ನಡಕ ತಗೊಳ್ಲಾ? ಮೆಟ್ಟಿಲು ಸರಿಯಾಗಿ ಕಾಣ್ಸಲ್ಲ."

"ಮುಟ್ಟಬೇಡ ಕಣೆ. ಒಂಚೂರು ಸರಿದ್ರೂ ನೆರಳು ಕೆಡುತ್ತೆ. ಸಂಜೆವರ್ಗೂ ಇರ್ಲಿ."

ಅವಳು ಹಾಗೇ ತಾರಸಿಗೆ ಹೊರಟಳು. ನಾನು ತಲೆ ಎತ್ತಲಿಲ್ಲ. ಬಟ್ಟೆ ನಾನೇ ತರ್ತೀನಿ ಅನ್ನಬಹುದಿತ್ತು — ಅದೂ ತೋಚಲಿಲ್ಲ. ಆಮೇಲೆ ಮೆಟ್ಟಿಲ ಕಡೆಯಿಂದ ಸದ್ದು ಬಂತು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಓಡಿಬಂದ ನೀನು ಹೇಗಾಯಿತೆಂದು ಕೇಳಿದಾಗ, "ಕನ್ನಡಕ ಮರ್ತು ಮೇಲೆ ಹೋಗಿದ್ಲು" ಎಂದೆ. ಯೋಚಿಸಿ ಆಡಿದ ಸುಳ್ಳಲ್ಲ, ಆದರೂ ಎಷ್ಟು ಸಲೀಸಾಗಿ ಬಂತು! ನೀನು ಅವಳನ್ನೇ ಗದರಿದೆ. ಅವಳು ನನ್ನ ಮುಖ ನೋಡಿ, "ಹೂಂ ಕಣೆ, ಮರ್ತುಬಿಟ್ಟೆ" ಎಂದಳು.

ಇನ್ನೂ ಒಂದಿದೆ — ಬರೆಯಲು ಕೈ ಬರುತ್ತಿಲ್ಲ. ಆ ಸಂಜೆ ಅವಳ ಬಟ್ಟೆ ತರಲೆಂದು ಮನೆಗೆ ಬಂದೆನಲ್ಲ, ಕನ್ನಡಕ ಇಟ್ಟ ಹಾಗೇ ಇತ್ತು. ಕುಳಿತೆ. ಚಿತ್ರದಲ್ಲಿ ಗಾಜಿನ ಮೇಲಿನ ಹೊಳಪೊಂದು ಬಾಕಿಯಿತ್ತು. ಅದನ್ನು ಕೆರೆದು ಮುಗಿಸಿದ ಮೇಲೆಯೇ ಕನ್ನಡಕ ಎತ್ತಿಕೊಂಡು ಆಸ್ಪತ್ರೆಗೆ ಹೊರಟೆ. ತಡವಾದದ್ದಕ್ಕೆ, ಬಸ್ಸು ಸಿಗಲಿಲ್ಲ ಎಂದು ನಿನಗೆ ಹೇಳಿದೆ.

ಎರಡು ತಿಂಗಳು ಹಾಸಿಗೆ ಹಿಡಿದು, ಎದೆಯಲ್ಲಿ ಕಫ ಕಟ್ಟಿ, ಹೋಗಿಬಿಟ್ಟಳು. ಅಷ್ಟು ದಿನ ಅವಳ ಬಾಯಿಗೆ ಗಂಜಿ ಹಾಕಿದೆ, ಮಗ್ಗುಲು ತಿರುಗಿಸಿದೆ. ತಪ್ಪಾಯಿತು ಎಂಬ ಒಂದು ಮಾತು ಮಾತ್ರ ಆಡಲಿಲ್ಲ. ಅವಳು ಕಾದಿದ್ದಳೋ ಏನೋ —

ಅಮ್ಮನ ಕನ್ನಡಕ ಇದೆ ಎಂದು ಆ ಚಿತ್ರವನ್ನು ನೀನು ಜಕ್ಕೂರಿನ ಮನೆಗೆ ಒಯ್ದೆ. ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ. ಕಳೆದ ವಾರ ನಾನು ಅಲ್ಲಿಗೆ ಬಂದಿದ್ದಾಗ ನೀನು ಅದರ ಕೆಳಗೇ ನಿಂತು ನಿನ್ನ ಮಗಳಿಗೆ ಹೇಳುತ್ತಿದ್ದೆ: "ಕನ್ನಡಕ ಹಾಕ್ಕೋ. ನಿಮ್ಮಜ್ಜಿ ಹಿಂಗೇ ನಿರ್ಲಕ್ಷ್ಯ ಮಾಡಿ ಹೋಗಿದ್ದು." ನಾನು ಅಲ್ಲೇ ಕೂತು ಕಾಫಿ ಕುಡಿದು ಮುಗಿಸಿದೆ.

ಭಾನುವಾರ ನೀನು ಬಂದಾಗ ಈ ಕಾಗದವನ್ನು ನಿನ್ನ ಕೈಗೆ ಕೊಟ್ಟು ಎದುರಿಗೇ ಕೂತಿರುತ್ತೇನೆ. ಏನು ಕೇಳಿದರೂ ಹೇಳುತ್ತೇನೆ. ಏನೂ ಕೇಳದೆ ಎದ್ದುಹೋದರೆ ತಡೆಯುವುದಿಲ್ಲ.