ಚೆಂಡು ಕೊಟ್ಟಾಕಿ

ಟಿ.ವಿ.ಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲಿಗೆ ವೀಕ್ಷಕ ವಿವರಣೆ ಹೇಳುವ ಗೆಳತಿಯೊಬ್ಬಳು ನನಗಿದ್ದಾಳೆ. ಗೋಲಾದರೆ ಮೈದಾನವೆಲ್ಲ ಕುಣಿಯುತ್ತದೆ. ಅವಳು ಮಾತ್ರ ಚೆಂಡು ಕೊಟ್ಟವಳ ಗುಣಗಾನಕ್ಕೆ ನಿಲ್ಲುತ್ತಾಳೆ. ಹೊಡೆದವಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಆಟ ಮತ್ತೆ ಶುರುವಾಗಿರುತ್ತದೆ. ಇದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದೂ ಉಂಟು. ಅವಳ ಉತ್ತರ ಒಂದೇ: “ಹೊಡದಾಕಿ ಎಲ್ಲಾರಿಗೂ ಕಾಣ್ತಾಳ್ರಿ. ಕೊಟ್ಟಾಕಿ ಯಾರ ಅಂತ ಹೇಳಾಕನ ನಾ ಇರೂದು.”

ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತಂಡ. ಅವಳು ಮಿಡ್‌ಫೀಲ್ಡರ್, ನಡುಮೈದಾನದಲ್ಲಿ ಓಡಿ ಓಡಿ ಬೆವರುವವಳು. ನಾನು ಎದುರಾಳಿಯ ಗೋಲಿನ ಹತ್ತಿರ, ಚೆಂಡು ಬಂದರೆ ಬರಲಿ ಎಂದು ನಿಲ್ಲುವವಳು. ಊಟಕ್ಕೆ ಕೂತು ಯಾರಾದರೂ ರೊಟ್ಟಿ ಹೊಗಳಿದರೂ, “ಹಿಟ್ಟು ನಾದಿದಾಕಿ ಯಾರ?” ಎಂದು ಕೇಳದೆ ಅವಳು ಬಿಡುತ್ತಿರಲಿಲ್ಲ.

ಹೋದ ತಿಂಗಳು ಮಸೂತಿ ಊರಿನ ನಮ್ಮ ಮನೆಗೆ ಬಂದಿದ್ದಳು. ನಮ್ಮತ್ತೆ ಹಿಗ್ಗಿನಿಂದ ಗೋಡೆ ತೋರಿಸಿದರು. ನನ್ನ ಜೀವಮಾನದ ಏಕೈಕ ಗೋಲಿನ ಸುದ್ದಿ, ಹಳೆಯ ಪತ್ರಿಕೆಯ ತುಣುಕು, ಅಲ್ಲಿ ಚೌಕಟ್ಟಿನೊಳಗೆ ಕೂತಿದೆ.

“ನಮ್ಮ ಸೊಸಿ ಒಬ್ಬಾಕಿನೇ ನಾಕ ಮಂದೀನ ದಾಟಿ ಹೊಡದಾಳ ನೋಡವ್ವಾ!”

ಈ ಕಥೆ ಅತ್ತೆಗೆ ಹೇಳಿದವಳು ನಾನೇ. ನಿಜವಾಗಿ ಆ ನಾಲ್ವರನ್ನು ದಾಟಿದವಳು ಈ ಗೆಳತಿ. ಅವಳು ಚೆಂಡನ್ನು ನನ್ನ ಕಾಲಿಗೆ ತಂದಿಟ್ಟಳು, ನಾನು ತಳ್ಳಿದೆ.

ಅವಳು ಕನ್ನಡಕ ಏರಿಸಿಕೊಂಡು ಸುದ್ದಿಯನ್ನು ಪೂರ್ತಿ ಓದಿದಳು.

“ಹೌದ್ರಿ ಅವ್ವಾರ, ನಾನೂ ಅಲ್ಲೇ ಇದ್ನಿ. ಭಾಳ ಛಲೋ ಹೊಡದ್ಲು” ಎಂದು ನನ್ನತ್ತ ನೋಡಿದಳು.

ಚೆಂಡು ಮತ್ತೆ ನನ್ನ ಕಾಲಿಗೇ ಬಂದಿತ್ತು. ನಾನು ಚಹಾ ಇಡುತ್ತೇನೆಂದು ಒಳಗೆ ಓಡಿದೆ.