ಮಗಳ ದವಡೆ ತೊಳೆದ ದಿನಗಳು

ನನ್ನ ಮಗಳ ಎಡಗೆನ್ನೆ ಉಬ್ಬಿದ್ದನ್ನು ಮೊದಲು ಕಂಡವಳು ನನ್ನ ಅತ್ತೆ. ಕಂಡು ಖುಷಿಪಟ್ಟಳು. ಕಡ್ಡಿಯಂಥ ಏಳು ವರ್ಷದ ಹುಡುಗಿ ಕೊನೆಗೂ ಮೈಕೈ ತುಂಬಿಕೊಳ್ಳುತ್ತಿದ್ದಾಳೆಂದು ಘೋಡಗೇರಿಯ ನಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು. ಯಾರ ಕಣ್ಣೂ ತಾಗದಿರಲೆಂದು ಆ ಕೆನ್ನೆಗೇ ದಿನಾ ಕಾಡಿಗೆಯ ಬೊಟ್ಟಿಟ್ಟಳು. ಮೂಡಲಗಿಯ ಮದುವೆಯೊಂದರಲ್ಲಿ ನೆಂಟರೆಲ್ಲ ಅದನ್ನೇ ಹಿಂಡಿ ಮುದ್ದು ಮಾಡಿದರು. ನೋವಿರಲಿಲ್ಲ, ಹುಡುಗಿ ನಗುತ್ತಲೇ ಇದ್ದಳು. ಬಲಗೆನ್ನೆ ಯಾಕೆ ತುಂಬಲಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಎಡಗಡೆ ಹೊಸದಾಗಿ ಬಂದಿದ್ದ ದವಡೆಹಲ್ಲೇ ಅಲುಗಾಡತೊಡಗಿದಾಗ ಗೋಕಾಕಿಗೆ ಕರೆದೊಯ್ದೆ. ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ ಬೆಳಗಾವಿಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಡಾಕ್ಟರಮ್ಮ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿದರು.

“ದವಡಿ ಎಲುಬಿನ ಒಳಗ ಗಡ್ಡಿ ಐತ್ರಿ. ಕ್ಯಾನ್ಸರ್ ಅಲ್ಲ. ಆದ್ರ ಬಿಟ್ರ ಎಲುಬು ತಿಂತೈತಿ. ಸಣ್ಣ ಕೂಸು, ಇನ್ನೂ ಎಲುಬು ಬೆಳಿಯೂ ವಯಸ್ಸು. ಗಡ್ಡಿಗೆ ತೂತು ಮಾಡಿ ಸಣ್ಣ ನಳಿಗಿ ಇಡ್ತೇವಿ. ನೀವು ದಿನಾ ಉಪ್ಪುನೀರಿಲೆ ತೊಳಿಬೇಕು. ಕುಗ್ಗಿದ್ರ ದವಡಿ ಉಳೀತೈತಿ.”

“ಕುಗ್ಗಲಿಲ್ಲಂದ್ರ?”

“ಆ ಕಡೆ ದವಡಿ ಕೊಯ್ದು ತಗೀಬೇಕಾಗ್ತೈತ್ರಿ.”

ನಳಿಗೆ ಇಟ್ಟ ಮೇಲೆ ಆಸ್ಪತ್ರೆಯಲ್ಲಿ ತೊಳೆಯುವ ನರ್ಸಿನ ಮುಂದೆ ಜಾಣೆಯ ಹಾಗೆ ಬಾಯಿ ತೆರೆದವಳು ಮನೆಯಲ್ಲಿ ನನ್ನ ಮುಂದೆ ತೆರೆಯಲೊಲ್ಲಳು. ನನಗಾದರೂ ಸಿಟ್ಟು ಮೂಗಿನ ತುದಿಯಲ್ಲೇ. ಸೂಜಿಯಿಲ್ಲದ ಸಿರಿಂಜ್ ಹಿಡಿದು ನಾನು ಬೈಯುವುದು, ಅವಳು ತುಟಿ ಬಿಗಿಯುವುದು. ಉಪ್ಪುನೀರು ಅವಳ ಲಂಗಕ್ಕೆ ಹೋಯಿತು, ನನ್ನ ಸೀರೆಗೆ ಹೋಯಿತು, ದವಡೆಗೆ ಮಾತ್ರ ಹೋಗಲಿಲ್ಲ. ಹೀಗೇ ಆದರೆ ಇವಳ ಅರ್ಧ ಮುಖ ಹೋಗುತ್ತದಲ್ಲ ಎಂದು ನಾನೇ ಗೊಳೋ ಎಂದು ಅತ್ತುಬಿಟ್ಟೆ.

ಅತ್ತೆಯದು ಕುರಿ ಕಾಯುವ ಮನೆತನ. ತಾಯಿ ಸತ್ತ ಮರಿಗಳಿಗೆ ಹಾಲು ಕುಡಿಸಿ ಪಳಗಿದ ಕೈ.

“ಮಾರಿಗೆ ಮಾರಿ ಕೊಟ್ಟು ಕುಂತ್ರ ಯಾವ ಮರಿ ಬಾಯಿ ತೆಗಿತೈತಿ? ಸರಿ ಆ ಕಡೆ,” ಎಂದು ಹುಡುಗಿಯನ್ನು ಹಿಂದಿನಿಂದ ಮೊಣಕಾಲುಗಳ ನಡುವೆ ಕೂರಿಸಿಕೊಂಡಳು. ಗದ್ದದ ಕೆಳಗೆ ಅಂಗೈಯಿಟ್ಟು, ಮರಿಗಳನ್ನು ಕರೆಯುವಂತೆ ಲೊಚಗುಟ್ಟಿದಳು. ಮಗಳಿಗೆ ಈ ಆಟ ಗೊತ್ತು. “ಮ್ಯಾಆಆ” ಎಂದಳು. ಬಾಯಿ ಅಗಲವಾಗಿ ತೆರೆದುಕೊಂಡಿತು. ನಾನು ಪಕ್ಕದಿಂದ ಮೆಲ್ಲಗೆ ನಳಿಗೆಯೊಳಕ್ಕೆ ನೀರು ಬಿಟ್ಟೆ.

ಅಂದಿನಿಂದ ಉಂಡಾಗಲೆಲ್ಲ ನಮ್ಮ ಕಟ್ಟೆಯ ಮೇಲೆ ಇದೇ ನಾಟಕ. ಹೊಲಕ್ಕೆ ಹೋಗುವವರು, “ನಿಮ್ಮ ಮರಿ ಮೇಯ್ತೇನ್ರಿ?” ಎಂದು ಕೇಳುವರು. ಒಂದು ಸಂಜೆ ಬಟ್ಟಲು ತೊಳೆಯುತ್ತ ಅತ್ತೆ, “ನಾ ಹಿಗ್ಗಿದ್ದು ಈ ಗಡ್ಡಿಗೆ ನೋಡವಾ,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳನ್ನು ಅಪ್ಪಿಕೊಂಡೆ. ಈ ಮನೆಗೆ ಸೊಸೆಯಾಗಿ ಬಂದಮೇಲೆ ಅದೇ ಮೊದಲು.

ತಿಂಗಳುಗಳು ಕಳೆದವು. ಎಕ್ಸ್‌ರೇಯಲ್ಲಿ ಕಪ್ಪಗೆ ಕಾಣುತ್ತಿದ್ದ ಜಾಗದ ಸುತ್ತ ಬೆಳ್ಳಗೆ ಮೂಡಿತು. “ಹೊಸ ಎಲುಬು ತುಂಬಾಕತ್ತೈತಿ,” ಎಂದರು ಡಾಕ್ಟರಮ್ಮ. ಉಳಿದ ಚಿಕ್ಕ ಗಡ್ಡೆಯನ್ನು ಕೆರೆದು ತೆಗೆದರು, ದವಡೆಗೆ ಕತ್ತರಿ ಬೀಳಲಿಲ್ಲ. ಆದರೆ ಅದು ಮರಳಿ ಬರಬಹುದಂತೆ, ವರ್ಷವರ್ಷವೂ ತೋರಿಸಬೇಕಂತೆ. ನನಗೆ ಈಗಲೂ ಭಯವೇ. ಜಡೆ ಹಾಕುವಾಗ ಬೆರಳು ತಾನಾಗಿಯೇ ಅವಳ ದವಡೆಗೆ ಹೋಗುತ್ತದೆ.

ಮೊನ್ನೆ ಹುಕ್ಕೇರಿಗೆ ಹೋಗುವ ಬಸ್ಸಿನ ಗಡಿಬಿಡಿಯಲ್ಲಿ ಜಡೆಯನ್ನು ಜಗ್ಗಿ ಬಿಗಿದೆ. ಅವಳು ಗರ್ರನೆ ತಿರುಗಿ, ನನ್ನನ್ನು ದುರುಗುಟ್ಟಿಕೊಂಡು ನೋಡಿ ಕಟಕಟ ಹಲ್ಲು ಕಡಿದಳು. ಎರಡೂ ಕಡೆಯ ಹಲ್ಲು, ಗಟ್ಟಿಯಾಗಿ. ಬೇರೆಯವರ ಮಗಳು ಹೀಗೆ ತಾಯಿಯ ಮೇಲೆ ಹಲ್ಲು ಕಡಿದಿದ್ದರೆ ಬೆನ್ನಿಗೆ ಒಂದು ಬೀಳುತ್ತಿತ್ತು.

ನಾನು ಅವಳ ಎಡದವಡೆಯ ಮೇಲೆ ಬೆರಳಿಟ್ಟು, “ಇನ್ನೊಮ್ಮಿ ಕಡಿ ನೋಡೂಣು,” ಎಂದೆ.